ಮೇಜಿನ ಮೆಂಡರ್ ಕೊಳ್ಳುವ ಮುಂಚೆ ಹಲ್ಲು ನೋಡಿ

ಮಗಳು ಮಹಾರಾಷ್ಟ್ರ ಸರ್ಕಾರದ ಎಲಿಮೆಂಟರಿ ಡ್ರಾಯಿಂಗ್ ಪರೀಕ್ಷೆಗೆ ತಯಾರಾಗುತ್ತಿದ್ದಾಳೆ, ಅದಕ್ಕೆ ಪುಣೆಯ ಪುಸ್ತಕ-ಸ್ಟೇಷನರಿ ಪೇಟೆ ಅಪ್ಪಾ ಬಳವಂತ ಚೌಕದಲ್ಲಿ ಕೈಯಲ್ಲಿ ತಿರುಗಿಸುವ ಪೆನ್ಸಿಲ್ ಮೆಂಡರ್ ತಂದೆವು. ತುಂಬಾ ಇಷ್ಟವಾಗಿದೆ.

ಬಣ್ಣ, ಆಕಾರ ಬಿಡಿ, ಒಳಗೆ ಏನಿದೆ ನೋಡಿ. ಅಗ್ಗದ ಕೆಲವದರಲ್ಲಿ ಚಿಕ್ಕ ಮೆಂಡರಿನ ಪಟ್ಟಿ ಬ್ಲೇಡೇ ಇರುತ್ತದೆ, ಹಿಡಿ ಮಾತ್ರ ದೊಡ್ಡದು. ನಮ್ಮದರಲ್ಲಿ ಉಕ್ಕಿನ ಉರುಳೆ ಇದೆ, ಅದರ ಮೈತುಂಬಾ ಓರೆ ಹಲ್ಲು. ಹಿಡಿ ತಿರುಗಿಸಿದರೆ ಉರುಳೆ ತಾನೂ ತಿರುಗುತ್ತಾ ಪೆನ್ಸಿಲ್ ಸುತ್ತ ಓಡಾಡುತ್ತದೆ, ಪೆನ್ಸಿಲ್ ಅಲುಗಾಡುವುದಿಲ್ಲ. ಹಾಗಾಗಿ ಮೆತ್ತಗಿನ 6ಬಿ ಕೂಡ ಸುಮ್ನೆ ಮುರಿಯುವುದಿಲ್ಲ, ಮೊನೆಯೂ ಉದ್ದ ಬರುತ್ತದೆ, ಶೇಡಿಂಗ್‌ಗೆ ಅದೇ ಅಲ್ವಾ ಬೇಕಾಗಿರೋದು!

ಒಂದು ಬೇಜಾರು: ಪೆನ್ಸಿಲ್ ಹಿಡಿಯುವ ಲೋಹದ ಹಲ್ಲುಗಳು ಬಣ್ಣದ ಮೇಲೆ ಗುರುತು ಬಿಡುತ್ತವೆ. ದುಬಾರಿ ಪೆನ್ಸಿಲ್ ಇಟ್ಟುಕೊಂಡವರು ರಬ್ಬರ್ ಹಿಡಿತ ಇರುವುದನ್ನೇ ಕೇಳಿ. ದಪ್ಪ ಪೆನ್ಸಿಲ್ ಇದ್ದರೆ ಅಂಗಡಿಗೇ ಒಯ್ದು ತೂರಿಸಿ ನೋಡಿ, ಎಷ್ಟೋ ಮೆಂಡರುಗಳ ತೂತು ಮಾಮೂಲಿ 7 ಮಿ.ಮೀ. ಪೆನ್ಸಿಲಿಗಷ್ಟೇ ಸಾಕು.

ಬಣ್ಣದ ಪೆನ್ಸಿಲಿನ ಮೇಣ ಉರುಳೆಯ ಹಲ್ಲಿನ ಸಂದಿಯಲ್ಲಿ ಮೆತ್ತಿಕೊಳ್ಳುತ್ತದೆ. ಆಗಾಗ ಮಾಮೂಲಿ ಪೆನ್ಸಿಲ್ ಹಾಕಿ ತಿರುಗಿಸಿ, ಆಮೇಲೆ ಒಣ ಬ್ರಷ್‌ನಲ್ಲಿ ಉಜ್ಜಿ. ನೀರು ಬೇಡವೇ ಬೇಡ, ಪುಣೆಯ ಮಳೆಗಾಲದಲ್ಲಿ ಉಕ್ಕಿಗೆ ತುಕ್ಕು ಬೇಗ ಹಿಡಿಯುತ್ತದೆ.

ಮೇಜಿಗೆ ಬಿಗಿಯುವ ಕ್ಲ್ಯಾಂಪ್ ಡಬ್ಬಿಯಲ್ಲಿದೆಯಾ ಅಂತ ಬಿಲ್ ಹಾಕಿಸುವ ಮುಂಚೆಯೇ ನೋಡಿಕೊಳ್ಳಿ. ಅದಿಲ್ಲದಿದ್ದರೆ ಮಕ್ಕಳಿಗೆ ಒಂದು ಕೈಯಲ್ಲಿ ಮೆಂಡರ್ ಒತ್ತಿ ಹಿಡಿದು ತಿರುಗಿಸೋದು ಕಷ್ಟ.