ಎಲೆ ನೋಡಿ ರೋಗ ಹೇಳುವ ಆ್ಯಪ್: ಸುಳಿ ಮಾತ್ರ ನಾವೇ ಬಿಚ್ಚಬೇಕು

ಆನಗೋಡು ಕಡೆ ನಮ್ಮದು ನಾಲ್ಕು ಎಕರೆ ಮೆಕ್ಕೆಜೋಳ. ಎಲೆಯ ಫೋಟೊ ತೆಗೆದರೆ ರೋಗ ಹೇಳುವ ಆ್ಯಪ್ ಒಂದನ್ನು ಈ ಮುಂಗಾರಿನಲ್ಲಿ ಫೋನಿಗೆ ಹಾಕಿಕೊಂಡೆ. ದುಡ್ಡೇನೂ ಇಲ್ಲ. ಒಂದು ಬೆಳೆ ಪೂರ್ತಿ ಬಳಸಿ ಬರೆಯುತ್ತಿದ್ದೇನೆ. ಐದಕ್ಕೆ ಎರಡೂವರೆ.

ಮೊದಲು ಅದರ ಕನ್ನಡ. ಮೆಕ್ಕೆಜೋಳ ಅಂತ ಹುಡುಕಿದರೆ ಸಿಗುವುದಿಲ್ಲ. ಮೆಕ್ಕೆಜೋಳದ ಚಿತ್ರ ಹಾಕಿ ಕೆಳಗೆ 'ಜೋಳ' ಅಂತ ಬರೆದಿದ್ದಾರೆ. ಅಪ್ಪ ನೋಡಿ, "ರೊಟ್ಟಿ ಜೋಳ ಯಾರು ಬಿತ್ತಿದ್ದಾರೋ ಇಲ್ಲಿ?" ಅಂದರು.

ಬಿತ್ತಿ 25 ದಿನಕ್ಕೆ ಎಲೆಗಳಲ್ಲಿ ತೂತು, ಬಿಳಿ ಗೀರು. ಮಧ್ಯಾಹ್ನದ ಬಿಸಿಲಲ್ಲಿ ಹೊಲದಲ್ಲೇ ನಿಂತು ಫೋಟೊ ತೆಗೆದೆ. 'ಎಲೆ ಅಂಗಮಾರಿ ರೋಗ, 94%' ಅಂತ ಬಂತು. ಅಷ್ಟು ಗಟ್ಟಿಯಾಗಿ ಹೇಳಿದ ಮೇಲೆ ಇನ್ನೇನು, ಗೊಬ್ಬರದ ಅಂಗಡಿಗೆ ಹೋಗಿ ಅದು ಹೇಳಿದ ರೋಗದ ಔಷಧಿ ಪುಡಿ ತಂದೇ ಬಿಟ್ಟೆ. ಅಪ್ಪ ಒಂದು ಗಿಡದ ಸುಳಿ ಬಿಚ್ಚಿದರು. ಒಳಗೆ ಒದ್ದೆ ಮರದಪುಡಿ ಹಾಗೆ ಹಿಕ್ಕೆ, ಅದರ ಅಡಿ ಹುಳು. ತಲೆ ಮೇಲೆ ತಲೆಕೆಳಗಾದ 'ವೈ' ಗೆರೆ, ಬಾಲದ ಹತ್ತಿರ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆ. ಲದ್ದಿ ಹುಳು! 2018ರಲ್ಲಿ ನಮ್ಮ ರಾಜ್ಯಕ್ಕೆ ಬಂದದ್ದು, ಇನ್ನೂ ಹೋಗಿಲ್ಲ.

ಪಂಚಮಿಗೆ ಅಕ್ಕ ಬಂದಳು, ಜೊತೆಗೆ ಮಗಳು. ಹುಡುಗಿ ದಾವಣಗೆರೆಯಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಾಳೆ, ಇದೇ ಮಷೀನ್ ಲರ್ನಿಂಗ್, ಅಂದರೆ ಈ ಆ್ಯಪ್ ಥರ ಫೋಟೊ ನೋಡಿ ನೋಡಿ ಕಂಪ್ಯೂಟರ್ ಕಲಿಯುವುದು, ಬೆಳೆ ರೋಗದ ಮೇಲೆ. ಶೇಂಗಾ ಉಂಡೆ ತಿನ್ನುತ್ತಾ ಬಿಡಿಸಿ ಹೇಳಿದಳು. ಪ್ಲಾಂಟ್‌ವಿಲೇಜ್ ಅಂತ ಹೆಸರುವಾಸಿ ಫೋಟೊ ಸಂಗ್ರಹ ಇದೆಯಂತೆ, 54 ಸಾವಿರಕ್ಕೂ ಜಾಸ್ತಿ ಎಲೆ. ಎಲ್ಲ ಕಿತ್ತು ಹಾಳೆ ಮೇಲಿಟ್ಟು ತೆಗೆದದ್ದು. 2016ರಲ್ಲಿ ಅದನ್ನು ನೋಡಿ ಕಲಿತ ಕಂಪ್ಯೂಟರ್, ಅದೇ ಸಂಗ್ರಹದ ಎಲೆಗಳಿಗೆ 100ಕ್ಕೆ 99 ಸರಿ ಹೇಳಿತು. ಬೇರೆ ಕಡೆಯ ಫೋಟೊ ಕೊಟ್ಟಾಗ 31ರ ಆಸುಪಾಸಿಗೆ ಬಿತ್ತು. ಆ ಸಂಗ್ರಹದಲ್ಲಿ ಮೆಕ್ಕೆಜೋಳಕ್ಕೆ ಇರುವುದು ಮೂರೇ ರೋಗ, ಹುಳು ಇಲ್ಲವೇ ಇಲ್ಲ.

"ಸಿಲಬಸ್‌ನಲ್ಲೇ ಇಲ್ಲದ ಪ್ರಶ್ನೆ ಕೇಳಿದ್ದೀರಿ ಮಾವ. ಇಂಥವು ಖಾಲಿ ಬಿಡಲ್ಲ, ಗೊತ್ತಿರೋ ಹೆಸರುಗಳಿಗೇ ನೂರು ಅಂಕ ಹಂಚಿಬಿಡ್ತವೆ" ಅಂದಳು. ನನ್ನ 94 ಬಂದದ್ದು ಹಾಗೆ.

ಆಮೇಲೆ ಅವಳು ಹೇಳಿದ ಹಾಗೆ ಮಾಡಿದೆ. ಎಲೆ ಕಿತ್ತು, ನೆರಳಲ್ಲಿ, ಹಳೇ ಕ್ಯಾಲೆಂಡರ್ ಹಾಳೆಯ ಹಿಂಬದಿ ಮೇಲಿಟ್ಟು ಫೋಟೊ. ತೆನೆ ಬರುವ ಹೊತ್ತಿಗೆ ಎಲೆ ಮೇಲೆ ಕಂದು ಚುಕ್ಕೆ ಎದ್ದಿತ್ತು, ಮುಟ್ಟಿದರೆ ಬೆರಳಿಗೆ ಪುಡಿ. ಆ್ಯಪ್ 'ತುಕ್ಕು ರೋಗ' ಅಂತು. ಕೃಷಿ ವಿಜ್ಞಾನ ಕೇಂದ್ರದವರೂ ಅದನ್ನೇ ಹೇಳಿದರು. ಎರಡೂವರೆ ಅಂಕ ಇದಕ್ಕೇ. ಸುಮ್ನೆ ತಂದಿಟ್ಟಿದ್ದ ಪುಡಿಯೂ ಆಗ ಉಪಯೋಗಕ್ಕೆ ಬಂತು ಅನ್ನಿ.

ಹುಡುಗಿ ಮಾತ್ರ ಉಂಡೆ ಡಬ್ಬಿ ಮರೆತು, ನನ್ನ ಹೊಲದ 300 ಫೋಟೊ ತಗೊಂಡು ಹೋದಳು. ಬಿಸಿಲು, ಕೆಸರು, ಅಪ್ಪನ ನೆರಳು ಎಲ್ಲ ಇರಲಿ ಅಂತ ಬೇಕಂತಲೇ ತೆಗೆದಿದ್ದಾಳೆ. ಅವಳು ಮಾಡುತ್ತಿರುವ ಪ್ರೋಗ್ರಾಮ್‌ಗೆ 'ಗೊತ್ತಿಲ್ಲ' ಅನ್ನುವುದನ್ನೂ ಕಲಿಸುತ್ತಾಳಂತೆ.