ಒರತೆ ಲೈನಿಗೆ 32 ಎಂಎಂ ಎಚ್‌ಡಿಪಿಇ ಪೈಪ್: ಕೆಲವು ಮಳೆಗಾಲ ಕಳೆದ ಮೇಲೆ

ಈ ಪ್ಲಾಸ್ಟಿಕ್ ಪೈಪಿಗೆ 5ಕ್ಕೆ 4.5 ಅಂಕ, ಜೊತೆಗೆ ಬರುವ ಕಂಪ್ರೆಷನ್ ಫಿಟ್ಟಿಂಗಿಗೆ (ನಟ್ ಬಿಗಿದು ಪೈಪ್ ಜೋಡಿಸುವ ಜಾಯಿಂಟ್) 3.

ಗುಡ್ಡದ ಒರತೆಯಿಂದ ಮನೆಗೂ ಲೈನ್‌ಮನೆಗೂ ಪಂಪಿಲ್ಲದೆ ನೀರು ಇಳಿಸುವ ಕೊಡಗಿನ ತೋಟಗಳಲ್ಲಿ 25 ಎಂಎಂ ಪೈಪೇ ಹೆಚ್ಚು. ಇಲ್ಲಿ ಅದನ್ನು ತೆಗೆದು ಪಿಎನ್ 6 (ಸುಮಾರು 6 ಕೆಜಿ ಒತ್ತಡ ತಡೆಯುವ) ದರ್ಜೆಯ 32 ಎಂಎಂ ಎಳೆದದ್ದು. 300 ಮೀಟರ್ ಉದ್ದ, 15 ಮೀಟರ್ ಇಳಿತ. ನಿಮಿಷಕ್ಕೆ 18 ಲೀಟರ್ ಆಸುಪಾಸು ಇದ್ದದ್ದು ಈಗ 35ರ ಮೇಲಿದೆ. ಒಳವ್ಯಾಸ ಇಮ್ಮಡಿಯಾದರೆ ಹರಿವು ಸುಮಾರು 6 ಪಟ್ಟಾಗುವುದರಿಂದ ಒಂದೇ ಸೈಜ್ ಏರಿಸಿದರೂ ಇಷ್ಟು ಫರಕು.

ಒತ್ತಡ ಏರಿಸುವ ಬೂಸ್ಟರ್ ಪಂಪಿಗೆ ದುಡ್ಡು ಹಾಕುವ ಮುಂಚೆ ಕೆಳತುದಿಗೆ ಪ್ರೆಷರ್ ಗೇಜ್ ಕೂರಿಸಿ ನೋಡಿ. ನಲ್ಲಿಗಳೆಲ್ಲ ಮುಚ್ಚಿದ್ದಾಗ 10 ಮೀಟರ್ ಇಳಿತಕ್ಕೆ ಸುಮಾರು 1 ಕೆಜಿ ಒತ್ತಡ ಬರಬೇಕು. ಬಾರದಿದ್ದರೆ ಸೋರಿಕೆ ಇದೆ, ಇಲ್ಲವೇ ಲೈನು ಗಾಳಿ ಹಿಡಿದಿದೆ. ಮುಚ್ಚಿದಾಗ ಸರಿಯಿದ್ದು ಒಂದು ನಲ್ಲಿ ತೆರೆದೊಡನೆ ಮುಳ್ಳು ಕುಸಿದರೆ ಪೈಪ್ ಸಣ್ಣದು ಅಥವಾ ಕಟ್ಟಿಕೊಂಡಿದೆ. ಅಂಥ ಲೈನಿಗೆ ಪಂಪ್ ಕಟ್ಟಿದರೆ ಜಾಯಿಂಟುಗಳಿಂದ ಗಾಳಿ ಎಳೆದುಕೊಳ್ಳುವುದೇ ಜಾಸ್ತಿ.

ಗಾಳಿಯ ತಂಟೆ ದಿಬ್ಬಗಳಲ್ಲಿ. ಪ್ರತಿ ಏರಿನ ನೆತ್ತಿಗೂ ಏರ್ ವಾಲ್ವ್ ಬೇಕು. ಅಗ್ಗದಲ್ಲಿ ಆಗಬೇಕೆಂದರೆ ಟೀ ಹಾಕಿ ಅರ್ಧ ಇಂಚಿನ ಬಾಲ್ ವಾಲ್ವ್ ಇಟ್ಟು, ಲೈನ್ ತುಂಬಿಸುವಾಗ ತೆರೆದರೂ ಸಾಕು. ಆದರೆ ದಿಬ್ಬ ಒರತೆಯ ಮಟ್ಟಕ್ಕೆ ಹತ್ತಿರವಿದ್ದರೆ ಇದೇ ವಾಲ್ವ್ ಗಾಳಿಯನ್ನು ಹೊರಬಿಡುವ ಬದಲು ಒಳಗೆಳೆಯುತ್ತದೆ. ಅಲ್ಲಿ ದಿಬ್ಬವನ್ನು ಸುತ್ತಿಕೊಂಡು ಪೈಪನ್ನು ತಗ್ಗಿನಲ್ಲೇ ಒಯ್ಯಬೇಕು, ಬೇರೆ ಉಪಾಯವಿಲ್ಲ. ತಗ್ಗಿನಲ್ಲಿ ಒಂದು ವಾಶ್‌ಔಟ್ (ಕೆಸರು ಹೊರಬಿಡುವ ವಾಲ್ವ್) ಇರಲಿ. ಜೂನ್ ಮಳೆ ಹಿಡಿದ ಮೇಲೆ ವಾರಕ್ಕೊಮ್ಮೆ ಪೂರ್ತಿ ತೆರೆದರೆ ಮಣ್ಣು, ಕೆಂಪು ಗಸಿ ಹೊರಬೀಳುತ್ತದೆ. ಒರತೆ ತೊಟ್ಟಿಯಲ್ಲಿ ಪೈಪಿನ ಬಾಯಿ ತಳದಿಂದ ಅರ್ಧ ಅಡಿ ಮೇಲಿರಬೇಕು, ಜಾಲರಿ ದೊಡ್ಡದಿರಬೇಕು. ಸಣ್ಣ ಜಾಲರಿಯನ್ನು ನಾಲ್ಕು ಎಲೆ ಮುಚ್ಚಿಬಿಡುತ್ತವೆ.

ಫಿಟ್ಟಿಂಗಿಗೆ ಅಂಕ ಕಡಿದದ್ದು ಜಾಯಿಂಟ್ ಕಳಚುವುದಕ್ಕೆ. ಬಿಸಿಲಿಗೂ ರಾತ್ರಿಯ ಚಳಿಗೂ 20 ಡಿಗ್ರಿ ಅಂತರವಿದ್ದರೆ ನೆಲದ ಮೇಲಿನ 100 ಮೀಟರ್ ಪೈಪ್ ಸುಮಾರು 40 ಸೆಂಟಿಮೀಟರ್ ಕುಗ್ಗುತ್ತದೆ. ಬಿಗಿಯಾಗಿ ಎಳೆದಿದ್ದರೆ ಬೆಳಿಗ್ಗೆ ಪೈಪ್ ಒಂದು ಕಡೆ, ಕಪ್ಲಿಂಗ್ ಒಂದು ಕಡೆ. ಹಾವಿನಂತೆ ಸಡಿಲ ಬಿಟ್ಟು, ಒಂದೂವರೆ ಅಡಿ ಆಳದಲ್ಲಿ ಹೂಳಿ. ತುದಿಯನ್ನು ನೇರವಾಗಿ ಕತ್ತರಿಸಿ, ಅಂಚು ಕೆರೆದು, ಒಳಗಿನ ರಬ್ಬರ್ ಓ-ರಿಂಗ್ ದಾಟುವವರೆಗೆ ತಳ್ಳಿದ ಮೇಲೆಯೇ ನಟ್ ಬಿಗಿಯಬೇಕು. ಹಂದಿ ಕೆದಕುವ ಜಾಗದಲ್ಲಿ ಹೂಳಿದ ಮೇಲೆ ಕಲ್ಲು ಹಾಸುವುದೂ ಕೆಲಸದ ಭಾಗವೇ.