"ಮೂರೇ ದಿನದಲ್ಲಿ ಮಂಡಿನೋವು ಮಾಯ" ಎಂದು ಬರೆದವನು ನಾನೇ, ದಯವಿಟ್ಟು ನಂಬಬೇಡಿ

ಮಂಡಿನೋವಿಗೆ ಅಪ್ಪಟ ಗಿಡಮೂಲಿಕೆಯ ಔಷಧಿ ಎಂದು ಮಾರಾಟವಾಗುತ್ತಿರುವ ಒಂದು ಕ್ಯಾಪ್ಸೂಲಿನ ಜಾಹೀರಾತಿನಲ್ಲಿ, "ಮೂರೇ ದಿನದಲ್ಲಿ ನಮ್ಮ ತಾಯಿ ಕೈಯೂರದೆ ಕುರ್ಚಿಯಿಂದ ಎದ್ದರು" ಎಂಬ ಮಾತು ಇಂದಿಗೂ ಓಡಾಡುತ್ತಿದೆ. ಆ ಮಾತು ನನ್ನದು. ಅದನ್ನು ನಂಬಿ ಎಷ್ಟು ಜನ ತಮ್ಮ ಹಿರಿಯರಿಗೆ ಆ ಕ್ಯಾಪ್ಸೂಲ್ ಕೊಡುತ್ತಿದ್ದಾರೋ ಎಂಬ ಯೋಚನೆಯಲ್ಲಿ ನನಗೆ ನಿದ್ದೆ ಹತ್ತುತ್ತಿಲ್ಲ.

ನನ್ನ ತಾಯಿಗೆ 71 ವರ್ಷ. ಎರಡೂ ಮಂಡಿಗಳ ಮೃದ್ವಸ್ಥಿ ಸವೆದು ಆಸ್ಟಿಯೋಆರ್ಥ್ರೈಟಿಸ್ ಆಗಿದೆ. ರಕ್ತದೊತ್ತಡಕ್ಕೆ ಎರಡು ಮಾತ್ರೆ ತೆಗೆದುಕೊಳ್ಳುತ್ತಾರೆ, ಅದರಲ್ಲಿ ಒಂದು ಮೂತ್ರ ಹೆಚ್ಚಿಸುವಂಥದ್ದು. ಈ ಮಾತ್ರೆಗಳ ಜೊತೆ ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ನುಂಗಿದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು, ಈ ವಯಸ್ಸಿನಲ್ಲಿ ಹೊಟ್ಟೆಯಲ್ಲಿ ರಕ್ತಸ್ರಾವವೂ ಆಗಬಹುದು ಎಂದು ವೈದ್ಯರು ಮೊದಲೇ ಎಚ್ಚರಿಸಿದ್ದರು. ಮಂಡಿಗೆ ಹಚ್ಚುವ ಜೆಲ್, ತೊಡೆಯ ಸ್ನಾಯುಗಳಿಗೆ ವ್ಯಾಯಾಮ, ಅಗತ್ಯ ಬಿದ್ದಾಗ ಅಳತೆ ಮೀರದಂತೆ ಪ್ಯಾರಸಿಟಮಾಲ್, ಇಷ್ಟನ್ನೇ ಬರೆದುಕೊಟ್ಟಿದ್ದರು. ರಾತ್ರಿ ಗೋಡೆ ಹಿಡಿದು, ಹಲ್ಲು ಕಚ್ಚಿ ಬಚ್ಚಲಿಗೆ ಹೋಗುವ ತಾಯಿಯನ್ನು ನೋಡುತ್ತಿದ್ದ ನನಗೆ ಅದು ಔಷಧಿಯೇ ಅಲ್ಲ ಎನ್ನಿಸಿತು. ಅಲ್ಲಿಯೇ ನಾನು ಎಡವಿದೆ.

ಮಾರುವವರು ಫೋನಿನಲ್ಲಿ ಬಹಳ ವಿನಯದಿಂದ ಮಾತನಾಡಿದರು. "ಸರ್, ಇಂಗ್ಲಿಷ್ ಔಷಧಿಯಿಂದ ಕಿಡ್ನಿ ಹೋಗುತ್ತದೆ, ನಮ್ಮದರಲ್ಲಿ ಅಡ್ಡಪರಿಣಾಮವೇ ಇಲ್ಲ" ಎಂದರು. ಡಬ್ಬಿಯ ಮೇಲೆ ಬೇರು, ಎಲೆಗಳ ಚಿತ್ರವಿತ್ತು. ಯಾವುದು ಎಷ್ಟು ಮಿಲಿಗ್ರಾಂ ಇದೆ ಎಂದಾಗಲಿ, ಬ್ಯಾಚ್ ಸಂಖ್ಯೆಯಾಗಲಿ, ತಯಾರಕರ ವಿಳಾಸವಾಗಲಿ ಇರಲಿಲ್ಲ. ಅದನ್ನು ನಾನು ಗಮನಿಸಿದ್ದೆ. ಗಮನಿಸಿಯೂ ಕೊಟ್ಟೆ. ಮೂರನೆಯ ದಿನ ತಾಯಿ ಎದ್ದು ನಿಂತು ನಕ್ಕಾಗ ನನಗೆ ಕಣ್ಣು ತುಂಬಿ ಬಂತು, ಆ ಸಂತೋಷದಲ್ಲೇ ಮೇಲಿನ ಮಾತನ್ನು ಬರೆದು ಅವರಿಗೆ ಕಳುಹಿಸಿದೆ.

ಎರಡು ತಿಂಗಳಾಗುವಷ್ಟರಲ್ಲಿ ತಾಯಿಯ ಮುಖ ದುಂಡಗಾಯಿತು, ನಾವು ಆರೋಗ್ಯ ಸುಧಾರಿಸಿದೆ ಎಂದುಕೊಂಡೆವು. ರಕ್ತದೊತ್ತಡ ನೋಡಲು ಪಟ್ಟಿ ಸುತ್ತಿದ ಜಾಗದಲ್ಲಿ ಚರ್ಮ ನೇರಳೆ ಬಣ್ಣಕ್ಕೆ ತಿರುಗಿ, ಆ ಕಲೆ ವಾರವಾದರೂ ಹೋಗಲಿಲ್ಲ. ಕೇಳಿದ್ದಕ್ಕೆ "ದೇಹದ ವಿಷ ಹೊರಬರುತ್ತಿದೆ ಸರ್, ಒಳ್ಳೆಯ ಲಕ್ಷಣ" ಎಂಬ ಉತ್ತರ ಬಂತು. ನಾಲ್ಕನೆಯ ತಿಂಗಳಲ್ಲಿ ಮುಂದಿನ ಡಬ್ಬಿ ಬರುವುದು ತಡವಾಯಿತು. ಕೆಲವೇ ದಿನಗಳಲ್ಲಿ ನೋವು ಮರಳಿತು, ಅದರ ಜೊತೆ ವಾಂತಿ, ಎದ್ದರೆ ಕಣ್ಣು ಕತ್ತಲೆ, ತುತ್ತು ಎತ್ತಲಾರದಷ್ಟು ಸುಸ್ತು. ನಾನು ಗಾಬರಿಯಿಂದ ಫೋನ್ ಮಾಡಿದರೆ ಆ ಮನುಷ್ಯ ಶಾಂತವಾಗಿ ಹೇಳಿದ್ದು ಇಷ್ಟು: "ನೋಡಿದಿರಾ, ನಿಲ್ಲಿಸಿದರೆ ಹೀಗೇ ಆಗುತ್ತದೆ. ಈ ಸಲ ಎರಡು ಡಬ್ಬಿ ತರಿಸಿಕೊಳ್ಳಿ."

ಆಸ್ಪತ್ರೆಯಲ್ಲಿ ವೈದ್ಯರು ತಾಯಿಯ ಮುಖ ನೋಡಿದರು, ತೋಳಿನ ಕಲೆ ನೋಡಿದರು, ನನ್ನ ಕಡೆ ತಿರುಗಿ "ಇವರಿಗೆ ಎಷ್ಟು ದಿನದಿಂದ ಸ್ಟೀರಾಯ್ಡ್ ಕೊಡುತ್ತಿದ್ದೀರಿ?" ಎಂದು ಕೇಳಿದರು. ಕೊಟ್ಟೇ ಇಲ್ಲ ಎಂದು ನಾನು ಸ್ವಲ್ಪ ಸಿಟ್ಟಿನಿಂದಲೇ ಹೇಳಿದೆ. ಬೆಳಗಿನ ರಕ್ತಪರೀಕ್ಷೆಯಲ್ಲಿ ದೇಹ ತಾನೇ ತಯಾರಿಸಬೇಕಾದ, ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿದ್ದರೆ ತಯಾರಾಗುವುದು ಕುಗ್ಗುವ ಕಾರ್ಟಿಸಾಲ್ ಎಂಬ ಹಾರ್ಮೋನು ತೀರ ಕಡಿಮೆಯಿತ್ತು, ಮೂತ್ರಪಿಂಡ ಸೋತಾಗ ಹೆಚ್ಚುವ ಕ್ರಿಯಾಟಿನಿನ್ ಏರಿತ್ತು. ತಡವಾಗಿ ಬಂದ ಡಬ್ಬಿಯ ನಾಲ್ಕು ಕ್ಯಾಪ್ಸೂಲ್‌ಗಳನ್ನು ಪ್ರಯೋಗಾಲಯಕ್ಕೆ ಕೊಟ್ಟಾಗ ಅದರಲ್ಲಿ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಮತ್ತು ಡೈಕ್ಲೋಫೆನಾಕ್ ಇರುವುದು ಗೊತ್ತಾಯಿತು. ಡೈಕ್ಲೋಫೆನಾಕ್! ಯಾವುದನ್ನು ವೈದ್ಯರು ಬೇಡವೆಂದಿದ್ದರೋ ಅದನ್ನೇ ನಾನು ನಾಲ್ಕು ತಿಂಗಳು ನನ್ನ ಕೈಯಾರೆ ತಾಯಿಗೆ ನುಂಗಿಸಿದ್ದೆ.

ಇದು ಹೊಸ ಮೋಸವೂ ಅಲ್ಲ. ಕೀಲುನೋವಿಗೆಂದು ಮಾರುವ ಕೆಲವು ಪೂರಕಗಳಲ್ಲಿ ಇವೇ ಎರಡು ಔಷಧಿಗಳನ್ನು ಬಚ್ಚಿಡಲಾಗಿದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರಲ್ಲಿಯೇ ಎಚ್ಚರಿಸಿತ್ತು. ಹುಡುಕಿದ್ದರೆ ನನಗೂ ಸಿಗುತ್ತಿತ್ತು.

ಕ್ಯಾಪ್ಸೂಲ್ ಮಾರಿದವರಿಗೆ ಪ್ರಯೋಗಾಲಯದ ವರದಿಯ ಪ್ರತಿ ಕಳುಹಿಸಿ ಕೇಳಿದಾಗ ಮೊದಲು "ಪ್ರಯೋಗಾಲಯದವರ ತಪ್ಪು" ಎಂದರು, ಆಮೇಲೆ "ನೋವು ಹೋಗಿತ್ತಲ್ಲ, ಮತ್ತೇನು ಬೇಕಿತ್ತು ನಿಮಗೆ?" ಎಂದರು, ಅದಾದ ಮೇಲೆ ನನ್ನ ನಂಬರನ್ನೇ ಬ್ಲಾಕ್ ಮಾಡಿದರು. "ಮತ್ತೇನು ಬೇಕಿತ್ತು" ಎಂಬ ಆ ಮಾತು ಈಗಲೂ ಕಿವಿಯಲ್ಲಿ ಕುದಿಯುತ್ತಿದೆ.

ಸವೆದ ಮಂಡಿಯ ಹಳೆಯ ನೋವನ್ನು ಎರಡು ಮೂರು ದಿನದಲ್ಲಿ ಅಳಿಸಿಹಾಕುವ ಗಿಡಮೂಲಿಕೆಯನ್ನು ಸಂಶಯದಿಂದಲೇ ನೋಡಿ. ಏನೇ ಕೊಡುತ್ತಿದ್ದರೂ ವೈದ್ಯರಿಂದ ಮುಚ್ಚಿಡಬೇಡಿ. ಈಗಾಗಲೇ ಹಲವು ವಾರಗಳಿಂದ ಇಂಥದ್ದನ್ನು ಕೊಡುತ್ತಿದ್ದರೆ, ಈ ಬರಹ ಓದಿದ ಕೋಪದಲ್ಲಿ ಒಮ್ಮೆಲೇ ನಿಲ್ಲಿಸಿಬಿಡಬೇಡಿ, ಡಬ್ಬಿಯ ಸಮೇತ ಇಂದೇ ವೈದ್ಯರ ಬಳಿ ಹೋಗಿ. ಸ್ಟೀರಾಯ್ಡ್ ಥಟ್ಟನೆ ನಿಂತರೆ ಪ್ರಾಣಕ್ಕೇ ಕುತ್ತು ಬರಬಹುದು.

ತಾಯಿಗೆ ಈಗ ವೈದ್ಯರೇ ಸ್ಟೀರಾಯ್ಡ್ ಕೊಟ್ಟು, ಅದರ ಪ್ರಮಾಣವನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಿದ್ದಾರೆ. ಮಂಡಿಗೆ ಆಸರೆಯಾಗಬೇಕಿದ್ದ ತೊಡೆಯ ಸ್ನಾಯುಗಳು ಸ್ಟೀರಾಯ್ಡಿನಿಂದ ಸೊರಗಿರುವುದರಿಂದ, ಮೊದಲು ಒಂದು ಕೈಯೂರಿ ಏಳುತ್ತಿದ್ದವರು ಈಗ ಎರಡೂ ಕೈಯೂರಿ, ಮೂರನೆಯ ಪ್ರಯತ್ನಕ್ಕೆ ಕುರ್ಚಿಯಿಂದ ಏಳುತ್ತಾರೆ. ನನ್ನ ಆ ಮಾತನ್ನು ಜಾಹೀರಾತಿನಿಂದ ತೆಗೆಯಿರಿ ಎಂದು ಬೇರೆ ನಂಬರಿನಿಂದ ನಾಲ್ಕು ಸಲ ಬರೆದಿದ್ದೇನೆ. ಇನ್ನೂ ತೆಗೆದಿಲ್ಲ.